ತೊಳೆದ ಮೇಲೂ ಬಾನೆಟ್ ಒರಟು: ಕ್ಲೇ ಬಾರ್ ಬಳಸಬಹುದಾ?

ಪ್ರಶ್ನೆ: ಬಿಳಿ ಕಾರು. ಶಾಂಪೂ ಹಾಕಿ ತೊಳೆದರೂ ಬಾನೆಟ್ ಮೇಲೆ ಕೈಯಾಡಿಸಿದರೆ ಮರಳು ಮರಳು. ಡಿಕ್ಕಿ ಮೇಲೆ ಸಣ್ಣ ಕಂದು ಚುಕ್ಕೆಗಳೂ ಇವೆ. ಕ್ಲೇ ಬಾರ್ (ಪೇಂಟಿಗೆ ಅಂಟಿದ ಕಣಗಳನ್ನು ಎತ್ತಿ ತೆಗೆಯುವ ಜೇಡಿಯಂಥ ಮೆತ್ತನೆ ಮುದ್ದೆ) ಉಜ್ಜಿದರೆ ಗೀರು ಬೀಳುತ್ತಾ? ಕ್ಲೇ ಜಾರಲೆಂದು ಸಿಂಪಡಿಸುವ ಲೂಬ್ರಿಕೆಂಟ್ ಬದಲು ಬರೀ ನೀರು ಸಾಕಾ?

ಉತ್ತರ 1: ಬರೀ ನೀರು ಸಾಲದು. ಕ್ಲೇ ಪೇಂಟಿಗೆ ಅಂಟಿಕೊಂಡು ಎಳೆಯುತ್ತೆ, ಗೀರು ಬೀಳೋದೇ ಆಗ. ಕ್ಲೇ ಲೂಬ್ ಇಲ್ಲದಿದ್ದರೆ ಲೀಟರ್ ನೀರಿಗೆ ಸುಮಾರು 10 ಎಂಎಲ್ ಕಾರ್ ಶಾಂಪೂ, ವ್ಯಾಕ್ಸ್ ಬೆರೆಸದ್ದು. ಫೈನ್ ಗ್ರೇಡ್ ಬಾರ್ ತಗೊಳ್ಳಿ. 100 ಗ್ರಾಂ ಬಾರನ್ನು ಮೂರು ತುಂಡು ಮಾಡಿ, ಒಂದನ್ನು ನಾದಿ ಚಪ್ಪಟೆ ತಟ್ಟಿ. ನೆರಳಲ್ಲಿ, ಪೇಂಟ್ ತಣ್ಣಗಿರುವಾಗ, ಎರಡಡಿ ಚೌಕದಷ್ಟು ಜಾಗಕ್ಕೆ ಧಾರಾಳವಾಗಿ ಸಿಂಪಡಿಸಿ, ಒತ್ತದೆ ನೇರ ಗೆರೆಯಲ್ಲಿ ಓಡಿಸಿ. ಮೊದಲು ಚರಚರ ಅನ್ನುತ್ತೆ. ಸದ್ದು ನಿಂತರೆ ಆ ಜಾಗ ಮುಗಿಯಿತು. ಕಪ್ಪಾದಂತೆ ಮಡಚಿ ಹೊಸ ಮುಖ ತೆಗೆಯಿರಿ. ನೆಲಕ್ಕೆ ಬಿದ್ದ ತುಂಡು ಸೀದಾ ಕಸಕ್ಕೆ, ಜಿಪುಣತನ ಬೇಡ.

ಉತ್ತರ 2: ಆ ಕಂದು ಚುಕ್ಕೆ ಬಹುತೇಕ ಬ್ರೇಕ್ ಧೂಳಿನ ಕಬ್ಬಿಣದ ಕಣ. ರೈಲು ಹಳಿ ಪಕ್ಕ ನಿಲ್ಲಿಸುವ ಕಾರುಗಳಿಗೂ ಇದು ಹತ್ತುತ್ತೆ. ಕ್ಲೇಗೆ ಮುಂಚೆ ಐರನ್ ರಿಮೂವರ್ ಸಿಂಪಡಿಸಿ. ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಇಳಿಯುತ್ತೆ. ಒಣಗಲು ಬಿಡದೆ ತೊಳೆಯಿರಿ. ಇದರಿಂದ ಕ್ಲೇ ಕೆಲಸ ಅರ್ಧ ಕಮ್ಮಿ.

ಉತ್ತರ 3: ಒರಟು ಹೋಯ್ತೋ ಇಲ್ವೋ ನೋಡಲು ತೆಳು ಪ್ಲಾಸ್ಟಿಕ್ ಕವರೊಳಗೆ ಕೈ ಹಾಕಿ ಸವರಿ, ಸಣ್ಣ ಕಣವೂ ಸಿಗುತ್ತೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಮಾತ್ರ ಕ್ಲೇಗೆ ಬಗ್ಗಲ್ಲ, ಅದಕ್ಕೆ ವಾಟರ್ ಸ್ಪಾಟ್ ರಿಮೂವರ್ರೇ ಬೇಕು. ಮ್ಯಾಟ್ ಪೇಂಟಿಗೆ ಕ್ಲೇ ಮುಟ್ಟಿಸಬೇಡಿ. ಹಳೇ ವ್ಯಾಕ್ಸೂ ಕಿತ್ತು ಬರುವುದರಿಂದ ಅವತ್ತೇ ಹೊಸ ವ್ಯಾಕ್ಸ್ ಇಲ್ಲವೇ ಸೀಲೆಂಟ್ ಹಚ್ಚಿಬಿಡಿ.