ಕತ್ತಿನ ಇಂಜೆಕ್ಷನ್ನಿಗೆ ಮೊದಲು 'ನರದೌರ್ಬಲ್ಯ': ಇದು ಸರಿಯಾದ ಪದವೇ?

ಪಾಂಡವಪುರದ ನಮ್ಮ ಚಿಕ್ಕಮ್ಮನಿಗೆ ಎರಡು ವರ್ಷದಿಂದ ಕತ್ತು ನೋವು, ಎಡಗೈ ಬೆರಳಿನ ತನಕ ಎಳೆಯುತ್ತದೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕತ್ತಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡೋಣ ಎಂದರು. ಸಹಿಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ "ಅಪರೂಪಕ್ಕೆ ನರದೌರ್ಬಲ್ಯ ಉಂಟಾಗಬಹುದು" ಎಂದಿತ್ತು. ಚಿಕ್ಕಮ್ಮ ಓದಿ, "ಅದು ಈಗ್ಲೇ ಐತಲ್ಲ, ಕೈಲಿ ಶಕ್ತಿನೇ ಇಲ್ಲ" ಎಂದು ಪೆನ್ನು ಕೇಳಿದರು. ನಾನು ತಡೆದು ಡಾಕ್ಟರನ್ನು ವಿಚಾರಿಸಿದೆ.

ಅವರು ಬಿಡಿಸಿ ಹೇಳಿದ್ದು ಬೇರೆಯೇ. ಮಿದುಳಿಗೂ ಬೆನ್ನುಹುರಿಗೂ ರಕ್ತ ಒಯ್ಯುವ ನಾಳಗಳು ಕತ್ತಿನ ಮೂಳೆಗಳ ಮಗ್ಗುಲಲ್ಲೇ ಹಾದುಹೋಗುತ್ತವೆ. ಸೂಜಿ ತಪ್ಪಿ ಅವುಗಳೊಳಗೆ ಹೋದರೆ, ಟ್ರಯಾಮ್ಸಿನೊಲೋನ್, ಮೀಥೈಲ್ ಪ್ರೆಡ್ನಿಸೊಲೋನ್ ಥರದ ಔಷಧಿಯ ಸಣ್ಣ ಕಣಗಳು ನಾಳವನ್ನು ಕಟ್ಟಿಬಿಡಬಹುದು. ಆಗ ಸ್ಟ್ರೋಕ್ ಆಗಬಹುದು, ಕೈಕಾಲು ಬಿದ್ದುಹೋಗಬಹುದು, ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಡೆಕ್ಸಾಮೆಥಸೋನ್ ಎಂಬ ಇನ್ನೊಂದು ಸ್ಟೆರಾಯ್ಡಿನಲ್ಲಿ ಇಂಥ ಕಣಗಳಿಲ್ಲ. ಹೀಗಾಗುವುದು ತುಂಬಾ ಅಪರೂಪ, ನಿಜ. ಆದರೂ 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬೆನ್ನುಹುರಿಯ ಸುತ್ತಲಿನ ಜಾಗಕ್ಕೆ ಕೊಡುವ ಸ್ಟೆರಾಯ್ಡ್ ಬಗ್ಗೆ ಈ ಎಚ್ಚರಿಕೆಯನ್ನು ಔಷಧಿಯ ಲೇಬಲ್ಲಿನಲ್ಲೇ ಸೇರಿಸಬೇಕು ಎಂದಿತು.

ಇಷ್ಟೆಲ್ಲ 'ನರದೌರ್ಬಲ್ಯ' ಎಂಬ ಒಂದು ಪದದಲ್ಲಿ ಎಲ್ಲಿದೆ? ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರುಗಳಿಂದ ಆ ಪದಕ್ಕೆ ಬೇರೆಯೇ ಅರ್ಥ ಅಂಟಿಕೊಂಡಿದೆ. ಅದೂ ಇಲ್ಲದಿದ್ದರೆ ಬರೀ ಸುಸ್ತು, ನಿಶ್ಶಕ್ತಿ, ಟಾನಿಕ್ ಕುಡಿದರೆ ಹೋಗುವಂಥದ್ದು. 'ನರದ ತೊಂದರೆ' ಅನ್ನೋಣ ಅಂದರೆ 'ನರ'ವೇ ತೊಡಕು. ಡ್ರಿಪ್ ಹಾಕುವ ನರ್ಸ್ "ನರ ಸಿಗ್ತಿಲ್ಲ" ಅಂತಾರೆ, ಅಲ್ವಾ? ಅವರು ಹುಡುಕುವುದು ರಕ್ತನಾಳ. ಹಗ್ಗದ ಹಾಗೆ ಮೈಯಲ್ಲಿ ಎದ್ದು ಕಾಣುವುದೆಲ್ಲ ನಮಗೆ ನರವೇ. ಇಲ್ಲಂತೂ ಕಟ್ಟಿಕೊಳ್ಳುವುದು ರಕ್ತನಾಳ, ಕೆಡುವುದು ಮಿದುಳು ಇಲ್ಲವೇ ಬೆನ್ನುಹುರಿ. ಎರಡನ್ನೂ ನರ ಅಂದರೆ ಓದಿದವರಿಗೆ ಏನು ತಿಳಿಯಬೇಕು?

'ಪಾರ್ಶ್ವವಾಯು' ಒಂದು ಮಗ್ಗುಲಿನದು. ಕತ್ತಿನಲ್ಲಿ ಬೆನ್ನುಹುರಿ ಕೆಟ್ಟರೆ ಎರಡೂ ಕೈ, ಎರಡೂ ಕಾಲು ಹೋಗಬಹುದು. ನಮ್ಮ ಕಡೆ "ಲಕ್ವ ಹೊಡೀತು" ಅಂದರೂ ಮನಸ್ಸಿಗೆ ಬರುವುದು ಜಾಸ್ತಿ ಒಂದು ಮಗ್ಗುಲೇ. "ಕೈಕಾಲು ಸ್ವಾಧೀನ ತಪ್ಪುವುದು" ನನಗೆ ಹಿಡಿಸುತ್ತದೆ. ಓದು ಬರದವರಿಗೂ ಗೊತ್ತಾಗುತ್ತದೆ, ಹೆದರಬೇಕಾದಷ್ಟು ಹೆದರಿಸುತ್ತದೆ.

ನಿಮ್ಮ ಊರುಗಳಲ್ಲಿ ಏನನ್ನುತ್ತಾರೆ? ಲಕ್ವ ಎರಡೂ ಮಗ್ಗುಲಿಗೆ ಸಲ್ಲುತ್ತದೆಯೇ? ಚಿಕ್ಕಮ್ಮ ಇನ್ನೂ ಸಹಿ ಹಾಕಿಲ್ಲ, ಮುಂದಿನ ವಾರ ಮತ್ತೆ ಹೋಗಬೇಕು. ಅಷ್ಟರೊಳಗೆ ಆ ಸಾಲನ್ನು ಬೇರೆ ಬರೆದುಕೊಡುತ್ತೇನೆ ಎಂದು ಡಾಕ್ಟರಿಗೆ ಹೇಳಿ ಬಂದಿದ್ದೇನೆ.