ಹಾಲು ಬಿಡಿಸಿದ ಹಂದಿಮರಿಗಳ ಭೇದಿಗೆ ಜಿಂಕ್ ಆಕ್ಸೈಡ್: ಎಷ್ಟು, ಎಷ್ಟು ದಿನ?

ಪ್ರಶ್ನೆ: ಕೊಡಗಿನಲ್ಲಿ 12 ತಾಯಿಹಂದಿಗಳನ್ನು ಸಾಕುತ್ತಿದ್ದೇನೆ. 28ನೇ ದಿನಕ್ಕೆ ಹಾಲು ಬಿಡಿಸಿದ ಮರಿಗಳಿಗೆ ಐದಾರು ದಿನಗಳಲ್ಲಿ ನೀರಿನಂಥ ಹಳದಿ ಭೇದಿ ಆರಂಭವಾಗಿ, ಬಾಲದ ಬುಡವೆಲ್ಲ ಒದ್ದೆಯಾಗಿ, ಅವು ಮೂಲೆಯಲ್ಲಿ ಒಂದರ ಮೇಲೊಂದು ಮುದುಡಿ ಮಲಗುತ್ತವೆ. ಫೀಡಿಗೆ ಜಿಂಕ್ ಆಕ್ಸೈಡ್ ಬೆರೆಸಬಹುದೆಂದು ಕೇಳಿದ್ದೇನೆ. ದಯವಿಟ್ಟು ಪ್ರಮಾಣ ತಿಳಿಸಿ.

ಉತ್ತರ 1: ಈ ಭೇದಿಗೆ ಬಹುಪಾಲು ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಕಾರಣ. ಒಂದು ಟನ್ ಫೀಡಿಗೆ ಸುಮಾರು 3 ಕೆಜಿ ಜಿಂಕ್ ಆಕ್ಸೈಡನ್ನು, ಎರಡು ವಾರ ಮೀರದಂತೆ, ಪಶುವೈದ್ಯರ ನಿಗಾದಲ್ಲಿ ಕೊಡುವ ರೂಢಿಯಿದೆ. ಮರಿಯ ಪೋಷಣೆಗೆ ಬೇಕಾದ ಜಿಂಕ್ ಒಂದು ಕಿಲೋ ಫೀಡಿಗೆ ಸುಮಾರು 100 ಮಿಲಿಗ್ರಾಂ ಮಾತ್ರ. ಮೇಲೆ ಹೇಳಿದ ಪ್ರಮಾಣ ಅದರ ಹಲವು ಪಟ್ಟು. ಹಾಗಾಗಿ ಇದನ್ನು ಪೋಷಕಾಂಶವೆನ್ನದೆ ಔಷಧವೆಂದೇ ತಿಳಿಯಬೇಕು. ಇದರ ಬದಲು ಜಿಂಕ್ ಸಲ್ಫೇಟನ್ನು ಇಷ್ಟೇ ಪ್ರಮಾಣದಲ್ಲಿ ಹಾಕಲೇಬೇಡಿ. ಅದು ಸುಲಭವಾಗಿ ಕರಗಿ ಮೈಗೆ ಸೇರುವುದರಿಂದ ವಿಷವಾಗುವ ಅಪಾಯವಿದೆ.

ಉತ್ತರ 2: ಮೇಲಿನ ಮಾತು ಸರಿ, ಆದರೆ ಐರೋಪ್ಯ ಒಕ್ಕೂಟ ಈ ಔಷಧೀಯ ಬಳಕೆಯನ್ನು 2022ರ ಜೂನ್‌ನಿಂದ ನಿಲ್ಲಿಸಿದೆ ಎಂಬುದನ್ನೂ ಗಮನಿಸಬೇಕು. ಮರಿ ತಿಂದ ಜಿಂಕ್‌ನ ಹೆಚ್ಚಿನ ಪಾಲು ಸಗಣಿಯಲ್ಲೇ ಹೊರಬಿದ್ದು, ಗೊಬ್ಬರದೊಂದಿಗೆ ಮಣ್ಣಿಗೆ ಸೇರಿ ಅಲ್ಲೇ ಉಳಿಯುತ್ತದೆ. ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೂ ಅದು ಅನುಕೂಲ ಮಾಡಿಕೊಡುತ್ತದೆ. ನಿಮ್ಮ ಗೊಬ್ಬರ ಕಾಫಿ ತೋಟಕ್ಕೇ ಹೋಗುವುದಾದರೆ ಇದು ದೂರದ ಚಿಂತೆಯಲ್ಲ. ಮೊದಲು ಫೀಡಿನಲ್ಲಿ ಸೋಯಾ ಹಿಂಡಿಯನ್ನು ಕೊಂಚ ಇಳಿಸಿ, ಮಲಗುವ ಜಾಗವನ್ನು ಒಣಗಿಸಿ ಬೆಚ್ಚಗಿಡಿ, ಹಾಲು ಬಿಡಿಸುವ ಮುನ್ನವೇ ಮರಿಗಳಿಗೆ ಒಣ ಫೀಡಿನ ರುಚಿ ಹತ್ತಿಸಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಗೊಬ್ಬರ ಹೋಗುವುದು ತೋಟಕ್ಕೇ. ಮುಂದಿನ ತಂಡದ ಮರಿಗಳಿಗೆ 15ನೇ ದಿನದಿಂದಲೇ ಒಣ ಫೀಡ್ ಇಟ್ಟು ನೋಡುತ್ತೇನೆ.