ಆನ್‌ಲೈನ್ ಪಾಠ ಮಾಡುವವರ ಪ್ರಶ್ನೋತ್ತರ: ಈ ಭಾನುವಾರ ಮೇಡಂ ಜೊತೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಂಜೆ 6ರಿಂದ ಮೇಡಂ ಇಲ್ಲೇ ಇರುತ್ತಾರೆ. ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಈಗ ಆನ್‌ಲೈನ್ ಕೋರ್ಸ್ ರೂಪಿಸುವುದೇ ಕೆಲಸ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹಾವೇರಿ ಪಿಯು ಉಪನ್ಯಾಸಕ: ಮೇಡಂ, ವಿಡಿಯೊ ಎಷ್ಟು ನಿಮಿಷ ಇರಬೇಕು? ನಾನು ಪೀರಿಯಡ್ ಪೂರ್ತಿ, 45 ನಿಮಿಷ ರೆಕಾರ್ಡ್ ಮಾಡಿ ಹಾಕುತ್ತೇನೆ. ಮಕ್ಕಳು ನೋಡ್ತಾ ಇಲ್ಲ.

ಮೇಡಂ: 45 ನಿಮಿಷ ಕೂತು ನೋಡುವವರು ನೀವೊಬ್ಬರೇ ಇರಬೇಕು ಸರ್, ಅದೂ ಎಡಿಟ್ ಮಾಡುವಾಗ. ಬೇಜಾರು ಮಾಡಿಕೊಳ್ಳಬೇಡಿ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳಲ್ಲಿ ಜನ ವಿಡಿಯೊ ನೋಡಿದ ಸುಮಾರು 69 ಲಕ್ಷ ದಾಖಲೆಗಳನ್ನು ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು. 6 ನಿಮಿಷದ ಒಳಗಿನವನ್ನು ಹೆಚ್ಚಿನವರು ಕೊನೆಯವರೆಗೂ ನೋಡಿದ್ದಾರೆ, ಉದ್ದ ಆದ ಹಾಗೆ ಅರ್ಧಕ್ಕೇ ಎದ್ದು ಹೋಗಿದ್ದಾರೆ. ಹಾಗಂತ 6 ಅನ್ನುವುದು ಮಂತ್ರ ಅಲ್ಲ. ಒಂದು ವಿಡಿಯೊದಲ್ಲಿ ಒಂದೇ ವಿಷಯ ಇರಲಿ. ಓಮ್‌ನ ನಿಯಮ ಒಂದರಲ್ಲಿ, ಅದರ ಲೆಕ್ಕ ಇನ್ನೊಂದರಲ್ಲಿ. ನಡುವೆ ಒಂದು ಲೆಕ್ಕ ಕೊಟ್ಟು "ಈಗ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಮಾಡಿ" ಅನ್ನಿ.

ಸಿಂದಗಿ ಸರ್: ನಮ್ಮ ಮಕ್ಕಳ ಮನೆಯಲ್ಲಿ ನೆಟ್ ಸರಿಯಾಗಿ ಸಿಗಲ್ಲ. ವಿಡಿಯೊ ಬಿಟ್ಟು ಬೇರೆ ದಾರಿ ಇದೆಯಾ?

ಮೇಡಂ: ಧ್ವನಿ ಮಾತ್ರ ಕಳಿಸಿ. ಧ್ವನಿಯ ಗುಣಮಟ್ಟ ಕಡಿಮೆ ಮಾಡಿ 32 ಕೆಬಿಪಿಎಸ್‌ನಲ್ಲಿ ಉಳಿಸಿದರೆ 10 ನಿಮಿಷದ ಮಾತು 2.4 ಎಂಬಿ ಆಗುತ್ತದೆ ಅಷ್ಟೆ. "ಪುಸ್ತಕದ ಇಂಥ ಪುಟ ತೆಗೆದು ಚಿತ್ರ ನೋಡಿ" ಅಂತ ಹೇಳುತ್ತಾ ಹೋಗಿ. ಚಿತ್ರ ಪುಸ್ತಕದಲ್ಲೇ ಇದೆ ಅಲ್ವಾ, ಅದನ್ನು ಮತ್ತೆ ನೆಟ್ಟಿನಲ್ಲಿ ಯಾಕೆ ಕಳಿಸಬೇಕು?

ಶಿರಸಿ ಟೀಚರ್: ಮೇಡಂ, ನಂದು ಸ್ವಲ್ಪ ವಿಚಿತ್ರ. ಗೂಗಲ್ ಫಾರ್ಮ್‌ನಲ್ಲಿ ಸಮಾಜದ ಟೆಸ್ಟ್ ಕೊಟ್ಟೆ, ಮಕ್ಕಳು ಮನೆಯಿಂದ ಬರೆದರು. "ಬನವಾಸಿಯನ್ನು ರಾಜಧಾನಿ ಮಾಡಿಕೊಂಡು ಆಳಿದ ಮನೆತನ ಯಾವುದು?" 42 ಮಕ್ಕಳಲ್ಲಿ ಸರಿ ಬಂದಿದ್ದು 5 ಜನಕ್ಕೆ! ಬನವಾಸಿ ನಮ್ಮ ತಾಲ್ಲೂಕಿನಲ್ಲೇ ಇದೆ, ಮಧುಕೇಶ್ವರ ದೇವಸ್ಥಾನಕ್ಕೆ ಇದೇ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಸಿಟ್ಟು ಬಂದು ಉಳಿದ 37 ಜನಕ್ಕೂ ಹತ್ತು ಸಲ ಬರೆಯಲು ಹಾಕಿದೆ. ಅವರು ನೋಡಿದರೆ "ಕದಂಬ ಅಂತಲೇ ಬರೆದಿದ್ವಿ ಟೀಚರ್" ಅಂತಾರೆ. ಮಕ್ಕಳ ಗಮನ ಸೆಳೆಯಲು ಏನು ಮಾಡಬೇಕು?

ಮೇಡಂ: ಗಮನದ ಮಾತು ಆಮೇಲೆ. ಫಾರ್ಮ್‌ನಲ್ಲಿ ಸರಿ ಉತ್ತರ ಅಂತ ನೀವು ಕೊಟ್ಟಿರುವುದನ್ನು ಹಾಗೇ ಕಾಪಿ ಮಾಡಿ ಇಲ್ಲಿ ಹಾಕಿ. ಟೈಪ್ ಮಾಡಬೇಡಿ, ಕಾಪಿ.

ತುಮಕೂರು ಸರ್: ಎಲ್ಲ ಶಿಕ್ಷಕರೂ ಓದಲೇಬೇಕಾದ ಸತ್ಯ 🙏 ನಾವು ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಇನ್ನೊಬ್ಬರಿಗೆ ಕಲಿಸಿದ್ದರಲ್ಲಿ ಶೇ. 90 ನೆನಪಿರುತ್ತದೆ. ತಪ್ಪದೇ 10 ಜನರಿಗೆ ಕಳಿಸಿ.

ಮೇಡಂ: ಸರ್, ಯಾರಿಗೂ ಕಳಿಸಬೇಡಿ. 10, 20, 30, 90. ಯಾವ ಪ್ರಯೋಗದಲ್ಲಾದರೂ ಇಷ್ಟು ಅಚ್ಚುಕಟ್ಟಾದ ಸಂಖ್ಯೆ ಬರುತ್ತದಾ? ಇದನ್ನು ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ ಹೆಸರಿಗೆ ಅಂಟಿಸುತ್ತಾರೆ. ಅವರು 1946ರಲ್ಲಿ ಕೊಟ್ಟ ಚಿತ್ರದಲ್ಲಿ ಒಂದು ಅಂಕಿಯೂ ಇರಲಿಲ್ಲ, ಆಮೇಲೆ ಯಾರೋ ತುಂಬಿದ್ದು. ತರಬೇತಿಗೆ ಹೋದಲ್ಲೆಲ್ಲ ಇದೇ ಸ್ಲೈಡ್ ನೋಡಿ ನೋಡಿ ಸಾಕಾಗಿದೆ. ನೆನಪಿನ ಬಗ್ಗೆ ನಿಜವಾದ ಪ್ರಯೋಗ ಬೇಕಿದ್ದರೆ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಮಾಡಿದ್ದು ಇದೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪು ಮಾಡಿಕೊಂಡು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ ಬರೆದವರು ಮುಂದೆ. ನಿಮ್ಮ ಕೋರ್ಸಿನಲ್ಲಿ ಪ್ರತಿ ವಿಡಿಯೊ ಆದ ಮೇಲೆ ಮೂರು ಪ್ರಶ್ನೆ ಇಡಿ, ಸಾಕು.

ತುಮಕೂರು ಸರ್: ಒಳ್ಳೇದು ಅಂತ ಹಾಕಿದೆ ಮೇಡಂ. ಇಷ್ಟು ಕೋಪ ಯಾಕೆ?

ಚಿತ್ರದುರ್ಗ ಗಣಿತ ಟೀಚರ್: ಲೆಕ್ಕ ಬರೆದು ತೋರಿಸಲು ಯಾವ ಪೆನ್ ಟ್ಯಾಬ್ಲೆಟ್ ಒಳ್ಳೇದು? ನನ್ನ ಬಜೆಟ್ 3000 ರೂಪಾಯಿ.

ಮಂಡ್ಯ ಟೀಚರ್: ವಿಡಿಯೊ ಎಷ್ಟು ನಿಮಿಷ ಇದ್ದರೆ ಒಳ್ಳೇದು ಮೇಡಂ?

ಮೇಡಂ: ಮೇಲೆ ಇದೆ.

ಬೆಂಗಳೂರು ಕೋಚಿಂಗ್ ಸರ್: ನನ್ನ ಅನುಭವ ಹೇಳುತ್ತೇನೆ. ಲೈವ್ ಕ್ಲಾಸಿನಲ್ಲಿ ಕ್ಯಾಮೆರಾ ಕಡ್ಡಾಯ ಮಾಡಿ. ಆಫ್ ಮಾಡಿದವರನ್ನು ಹೊರಗೆ ಹಾಕಿ. ಎರಡೇ ದಿನದಲ್ಲಿ ಶಿಸ್ತು ಬರುತ್ತದೆ.

ಗಂಗಾವತಿ ಟೀಚರ್: ಒಂದೇ ಕೋಣೆಯ ಮನೆ ಇರುತ್ತದೆ ಸರ್. ಹಿಂದೆ ಅಮ್ಮ ರೊಟ್ಟಿ ಬಡಿಯುತ್ತಿರುತ್ತಾರೆ, ಅಜ್ಜ ಮಲಗಿರುತ್ತಾರೆ. ಅದನ್ನೆಲ್ಲ ಇಡೀ ಕ್ಲಾಸಿಗೆ ತೋರಿಸಬೇಕಾ?

ಬೆಂಗಳೂರು ಕೋಚಿಂಗ್ ಸರ್: ಕಲಿಯುವ ಮನಸ್ಸಿದ್ದರೆ ಗೋಡೆಗೆ ಬೆನ್ನು ಕೊಟ್ಟು ಕೂರಬಹುದು. ಎಲ್ಲದಕ್ಕೂ ನೆಪ.

ಗಂಗಾವತಿ ಟೀಚರ್: ನೆಪ ಅಂದ್ರಾ? 2020ರಲ್ಲಿ ವಿದ್ಯಾಗಮ ಅಂತ ಗುಡಿ ಕಟ್ಟೆ ಮೇಲೆ, ಮರದ ಕೆಳಗೆ ಕೂರಿಸಿ ಪಾಠ ಮಾಡಿದವರು ನಾವು. ಫೋನೇ ಇಲ್ಲದ ಮನೆ ಎಷ್ಟು ಅಂತ ಆಗ ನೋಡಿದ್ದೇವೆ. ನಿಮ್ಮ ಹತ್ತಿರ ಫೀಸ್ ಕಟ್ಟಿ ಬರುವ ಮಕ್ಕಳ ಲೆಕ್ಕ ಬೇರೆ.

ಬೆಂಗಳೂರು ಕೋಚಿಂಗ್ ಸರ್: ಫೀಸ್ ವಿಷಯ ಇಲ್ಲಿ ಯಾಕೆ ಬಂತು? ರಿಸಲ್ಟ್ ಮಾತಾಡಿ.

ಶಿರಸಿ ಟೀಚರ್: ಮೇಡಂ, ಇಲ್ಲಿದೆ: ಕದ೦ಬ

ಮೇಡಂ: ಸಿಕ್ಕಿತು. ಟೀಚರ್, ಇದನ್ನು ನಿಧಾನವಾಗಿ ಓದಿ. ನೀವು ಹಾಕಿರುವ ಪದದಲ್ಲಿ "ದ" ಆದ ಮೇಲೆ ಇರುವುದು ಅನುಸ್ವಾರ ಅಲ್ಲ, ಕನ್ನಡ ಅಂಕಿ ಸೊನ್ನೆ. ೧, ೨, ೩ರ ಜೊತೆ ಬರುವ ೦. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರ, ಇನ್ನೊಂದು ಸಂಖ್ಯೆ. ನಾವೇ ಮಕ್ಕಳಿಗೆ "ದ ಪಕ್ಕ ಒಂದು ಸೊನ್ನೆ ಹಾಕು" ಅಂತ ಹೇಳಿಕೊಡುತ್ತೇವಲ್ಲ, ಟೈಪ್ ಮಾಡುವವರು ಅದನ್ನೇ ನಿಜ ಮಾಡಿಬಿಟ್ಟಿದ್ದಾರೆ. ಫೋಟೊದಿಂದ ಅಕ್ಷರ ಎತ್ತುವ ಸಾಫ್ಟ್‌ವೇರ್ ಬಳಸಿದರೂ ಹೀಗಾಗುತ್ತದೆ. ಫಾರ್ಮ್ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ, ಒಂದು ಬೇರೆ ಇದ್ದರೂ ತಪ್ಪು. ನಿಮ್ಮ ಮಕ್ಕಳು ಫೋನಿನಲ್ಲಿ ಸರಿಯಾದ ಅನುಸ್ವಾರ ಹಾಕಿ "ಕದಂಬ" ಅಂತ ಬರೆದಿದ್ದಾರೆ. ಅದಕ್ಕೇ ಅಂಕ ಹೋಗಿದೆ.

ನನಗೆ ತಲೆ ಕೆಡಿಸಿದ್ದು ಆ ಐದು ಜನ. ಅವರಿಗೆ ಹೇಗೆ ಸರಿ ಬಂತು? ಕೈಯಾರೆ ಬರೆದಿದ್ದರೆ ಅವರಿಗೂ ಸೊನ್ನೆ ಅಂಕವೇ ಬರಬೇಕಿತ್ತು. ಗ್ರೂಪಿಗೆ ನೋಟ್ಸ್ ಏನಾದರೂ ಕಳಿಸಿದ್ದಿರಾ?

ಶಿರಸಿ ಟೀಚರ್: ಹೌದು, ಹಿಂದಿನ ದಿನ. ಫಾರ್ಮ್‌ಗೆ ಹಾಕಿದ ಸರಿ ಉತ್ತರ (ಕೀ) ಕೂಡ ಅದೇ ಫೈಲಿನಿಂದ ಎತ್ತಿದ್ದು.

ಮೇಡಂ: ಹಾಗಾದರೆ ಐವರೂ ನಿಮ್ಮ ನೋಟ್ಸ್‌ನಿಂದ ಕಾಪಿ ಪೇಸ್ಟ್ ಮಾಡಿದ್ದಾರೆ. ಬೇರೆ ದಾರಿ ನನಗೆ ಕಾಣುತ್ತಿಲ್ಲ. ನೆನಪಿನಿಂದ ಬರೆದ 37 ಜನಕ್ಕೆ ಶಿಕ್ಷೆ ಆಯಿತು. ಐವರನ್ನು ಬೈಯಬೇಡಿ, ಮನೆಯಲ್ಲಿ ಪುಸ್ತಕ ಪಕ್ಕದಲ್ಲಿಟ್ಟು ಬರೆಯುವ ಟೆಸ್ಟ್ ಅದು, ಯಾರಾದರೂ ಮಾಡುತ್ತಾರೆ. ಈಗ ಮಾಡಬೇಕಾದ್ದು ಇಷ್ಟು. ಫಾರ್ಮ್‌ನ ಉತ್ತರಗಳ ಭಾಗದಲ್ಲಿ ಪ್ರಶ್ನೆವಾರು ನೋಡುವ ಜಾಗ ಇದೆ. ಒಂದೇ ಥರ ಬರೆದವರೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತಾರೆ, ಒಂದು ಸಲ ಸರಿ ಅಂತ ಒತ್ತಿ. "ಕದಂಬರು", "ಕದಂಬ ಮನೆತನ" ಅಂತ ಬರೆದವರೂ ಇರುತ್ತಾರೆ, ಅವರಿಗೂ ಕೊಡಿ. ಮುಂದಿನ ಸಲ ಒಂದೇ ಪದದ ಉತ್ತರವನ್ನು ಯಂತ್ರದ ಕೈಗೆ ಕೊಡುವ ಮೊದಲು ಸಹೋದ್ಯೋಗಿಯ ಫೋನಿನಿಂದ ಒಂದು ಸಲ ಬರೆಸಿ ನೋಡಿ.

ಕೊಪ್ಪ ಸರ್: ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಫಾರ್ಮ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಬರುತ್ತದೆ.

ಮೇಡಂ: ಅದು ಹಳೆಯ ನುಡಿ ಫಾಂಟು, ಎಲ್ಲ ಫೋನು ಕಂಪ್ಯೂಟರುಗಳೂ ಓದುವ ಯೂನಿಕೋಡ್ ಅಲ್ಲ. ಯೂನಿಕೋಡ್ ಪರಿವರ್ತಕ ತಂತ್ರಾಂಶದಲ್ಲಿ ಬದಲಿಸಿ. ಬದಲಿಸಿದ ಮೇಲೆ ಈ ಸೊನ್ನೆಯನ್ನೂ ಹುಡುಕಿ.

ರಾಮನಗರ ಸರ್: ವಿಡಿಯೊ ಎಷ್ಟು ಉದ್ದ ಇರಬೇಕು ಅಂತ ಯಾರಾದರೂ ಹೇಳ್ತೀರಾ?

ಮೇಡಂ: ಇಲ್ಲ.

ತುಮಕೂರು ಸರ್: ಈಗಿನ ಮಕ್ಕಳ ಗಮನ 8 ಸೆಕೆಂಡ್, ಗೋಲ್ಡ್‌ಫಿಶ್‌ಗಿಂತ ಕಡಿಮೆ ಅಂತೆ. ಇದಾದರೂ ನಿಜ ಅಲ್ವಾ ಮೇಡಂ?

ಮೇಡಂ: ಅದೇ ಮಕ್ಕಳು ಇಡೀ ದಿನ ಕ್ರಿಕೆಟ್ ಮ್ಯಾಚ್ ನೋಡುತ್ತಾರೆ ಸರ್. ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದರು.

ಬೆಂಗಳೂರು ಕೋಚಿಂಗ್ ಸರ್: ಕ್ಯಾಮೆರಾ ಬಗ್ಗೆ ಮೇಡಂ ಏನೂ ಹೇಳಲಿಲ್ಲ.

ಮೇಡಂ: ಗಂಗಾವತಿ ಟೀಚರ್ ಹೇಳಿದ್ದೇ ನನ್ನ ಅಭಿಪ್ರಾಯ. ಮುಖ ನೋಡಿ ಕಲಿತಿದ್ದಾರಾ ಅಂತ ಗೊತ್ತಾಗಲ್ಲ. ಪ್ರಶ್ನೆ ಕೇಳಿ.

ಬೆಂಗಳೂರು ಕೋಚಿಂಗ್ ಸರ್: ಇಲ್ಲಿ ಒಂದೇ ಕಡೆಯವರ ಮಾತು ನಡೆಯುತ್ತದೆ ಅಂತ ಗೊತ್ತಾಯಿತು. ನಾನು ಗ್ರೂಪ್ ಬಿಡುತ್ತೇನೆ.

ಗಂಗಾವತಿ ಟೀಚರ್: ಕ್ಯಾಮೆರಾ ಆನ್ ಮಾಡಿಯೇ ಬಿಡಿ ಸರ್.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ.

ಚಿತ್ರದುರ್ಗ ಗಣಿತ ಟೀಚರ್: ಪೆನ್ ಟ್ಯಾಬ್ಲೆಟ್ ಕೇಳಿದ್ದೆ...

ಶಿರಸಿ ಟೀಚರ್: ಮೇಡಂ, ನಿಮ್ಮ ಮೆಸೇಜಿನ ಸೊನ್ನೆ ಕಾಪಿ ಮಾಡಿ ಫೈಲಿನಲ್ಲಿ ಹುಡುಕಿದೆ. 14 ಕಡೆ ಸಿಕ್ಕಿತು. ಹೋದ ತಿಂಗಳ ಟೆಸ್ಟಿನ ಕೀಯನ್ನೂ ಇದೇ ಫೈಲಿನಿಂದ ಎತ್ತಿದ್ದೆ. ಅದರ ಅಂಕ ಪ್ರಗತಿಪತ್ರದಲ್ಲಿ ಬರೆದು ಮನೆಗೂ ಕಳಿಸಿಯಾಗಿದೆ.

ಮೇಡಂ: ಪ್ರಗತಿಪತ್ರ ವಾಪಸ್ ತರಿಸಿ ತಿದ್ದಿ. ಹತ್ತು ಸಲ ಬರೆಸಿದ ಹಾಳೆ ಇನ್ನೂ ಇದೆಯಾ?

ಶಿರಸಿ ಟೀಚರ್: ಇದೆ. 37 ಜನದ್ದೂ ಟೇಬಲ್ ಮೇಲೆ ಇದೆ. ಎಲ್ಲರೂ ಸರಿಯಾಗೇ ಬರೆದಿದ್ದಾರೆ.